ದಿಂಡೋರಿ ರಸ್ತೆಯ ಮದುಮಗ

ಐವತ್ತು ದಾಟಿದ ಮೇಲೆ ನನಗೆ ಕುದುರೆ ಸವಾರಿಯ ಹುಚ್ಚು ಹಿಡಿಯಿತು. ಕಲಿಸುತ್ತಿದ್ದ ಕಾಕಾ ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಅವರ ಬಿಳಿ ಕುದುರೆ ರಾಣಿಯನ್ನೇರಿ ಮೊದಲ ಸಲ ಒಬ್ಬನೇ ದಿಂಡೋರಿ ರಸ್ತೆಗೆ ಬಂದೆ. ತಲೆಗೆ ಹೆಲ್ಮೆಟ್, ಮೈಗೆ ಮಿರಿಮಿರಿ ಹಳದಿ ಜಾಕೆಟ್. ಕಾಕಾ ಹೇಳಿಕೊಟ್ಟಂತೆ ಕೈ ಎತ್ತಿ, ರಸ್ತೆ ದಾಟಲು ಕಾದೆ. ಕಾದದ್ದೇ ಬಂತು, ಒಬ್ಬ ಪುಣ್ಯಾತ್ಮನೂ ಬ್ರೇಕ್ ಹಾಕಲಿಲ್ಲ. ದ್ರಾಕ್ಷಿ ತುಂಬಿದ ಟೆಂಪೋದವನಂತೂ ನನ್ನನ್ನೇ ಬೈದು ಹೋದ.

ಅಷ್ಟರಲ್ಲಿ ಒಂದು ಲಾರಿ ಹಾಡಿನ ಹಾರ್ನ್ ಬಾರಿಸಿತು. ರಾಣಿಯ ಕಿವಿ ನಿಮಿರಿದವು. ಬ್ಯಾಂಡ್ ಕೇಳಿದೊಡನೆ ಕುಣಿಯಲು ಕಲಿತ ಕುದುರೆ ಅದು! ಗೆಜ್ಜೆ ಕಟ್ಟಿದವಳಂತೆ ಹೆಜ್ಜೆ ಹಾಕುತ್ತ ನಡುರಸ್ತೆಗೆ ಇಳಿದೇಬಿಟ್ಟಿತು. ಲಗಾಮು ಬಿಗಿಹಿಡಿದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಎರಡೂ ಕಡೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲಾ ಗಪ್ಪಾಗಿ ನಿಂತಿದ್ದವು. ಲಾರಿ ಡ್ರೈವರ್ ಕೈಮುಗಿದು, ಮರಾಠಿಯಲ್ಲಿ "ಸಾವಕಾಶ ಜಾ, ನವರದೇವ!" ಅಂದ. ಮದುಮಗನೇ, ನಿಧಾನಕ್ಕೆ ಹೋಗು ಅಂತ! ರಾಣಿ ಕುಣಿಯುತ್ತಲೇ ದಾಟಿತು. ನಾನು ರಾಜನಂತೆ ಎರಡೂ ಕಡೆ ಕೈ ಬೀಸಿದೆ.

ಜಾಕೆಟ್ ಈಗಲೂ ಹಾಕುತ್ತೇನೆ. ಆದರೆ ಆ ರಸ್ತೆ ದಾಟುವಾಗ ಹೆಲ್ಮೆಟ್ ಮೇಲೊಂದು ಬಾಸಿಂಗ ಕಟ್ಟಿಕೊಳ್ಳುವುದನ್ನು ಮರೆಯುವುದಿಲ್ಲ.