ಅರ್ಧದಲ್ಲಿ ನಿಲ್ಲುವ ಪೀಶಕತ್ತಿ

ನನ್ನ ಗಂಡ ನೋಣಯ್ಯ ಆಚಾರಿಯವರಿಗೆ ಬಾಯಿ ಕಡಿಮೆ, ಹಟ ಹೆಚ್ಚು. ನನಗೆ ಎರಡೂ ಹೆಚ್ಚು. ವಾಮದಪದವಿನ ನಮ್ಮ ಕುಲುಮೆಯಲ್ಲಿ ಸುತ್ತಿಗೆಯ ಸದ್ದು ಆಚಾರಿಯದ್ದು, ಮಾತಿನ ಸದ್ದು ಕಾಂತಿಯದ್ದು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಮಾಡಲಿ, ಸುಳ್ಳೇನಲ್ಲವಲ್ಲ. ಹಾರೆ, ಮಚ್ಚು, ನೇಗಿಲಿನ ಗುಳ ಎಲ್ಲವನ್ನೂ ಬಡಿಯುತ್ತಿದ್ದರೂ ಇವರಿಗೆ ಹೆಸರು ಬಂದದ್ದು ಮಡಚುವ ಪೀಶಕತ್ತಿಯಿಂದ. ಎಲೆಯಡಿಕೆ ತಿನ್ನುವವರು ಸೊಂಟಕ್ಕೋ ಕಿಸೆಗೋ ಸಿಕ್ಕಿಸಿಕೊಳ್ಳುವ ಸಣ್ಣ ಕತ್ತಿ ಅದು. ಪಾಣೆಮಂಗಳೂರಿನಿಂದ ಹಳೆಯ ಲಾರಿಯ ಸ್ಪ್ರಿಂಗಿನ ಉಕ್ಕಿನ ಪ್ಲೇಟು ಹೊತ್ತು ತಂದು ಅಲಗು ಮಾಡುತ್ತಿದ್ದರು. ಹಿಡಿಗೆ ಎಮ್ಮೆಯ ಕೊಂಬು.

ಊರಿನ ಗಂಡಸರಿಗೆ ಕತ್ತಿ ನಯವಾಗಿ ಮಡಚಬೇಕು. ಒಂದೇ ಕೈಯಲ್ಲಿ ಟಪ್ಪೆಂದು ಮುಚ್ಚಿ ಕಿಸೆಗೆ ಇಳಿಸುವ ಶೋಕಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಬೆರಳು ಕೊಯ್ದುಕೊಂಡರೆ ಚೀಪಿಕೊಂಡು ನಗುತ್ತಿದ್ದರು. ಇವರೂ ನಯವೇ ದೊಡ್ಡ ವಿದ್ಯೆ ಎಂದು ತಿಳಿದಿದ್ದರು. ಸೇಸಮ್ಮ ಬರುವವರೆಗೆ.

ಸೇಸಮ್ಮ ನಮ್ಮ ಕೆಳಗಿನ ಗದ್ದೆಯ ಧರ್ಣಪ್ಪಣ್ಣನ ತಂಗಿ. ಅವಳಿಗೆ ಕುಷ್ಠ ಬಂದಿತ್ತು. ನಮ್ಮಲ್ಲಿ ಆ ಹೆಸರು ಹೇಳುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಕೆಲವು ವರ್ಷ ಆಸ್ಪತ್ರೆಯಲ್ಲಿದ್ದು, ಪೂರ್ತಿ ಗುಣವಾಗಿದೆ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಐವತ್ತೆಂಟನೆಯ ಇಸವಿಯಲ್ಲಿ ಅಣ್ಣನ ಮನೆಗೆ ಬಂದಳು. ರೋಗ ಹೋಗಿತ್ತು, ಆದರೆ ಬೆರಳುಗಳ ಜೀವವನ್ನೂ ತೆಗೆದುಕೊಂಡು ಹೋಗಿತ್ತು. ಬಿಸಿ, ತಣ್ಣಗೆ, ನೋವು ಯಾವುದೂ ಗೊತ್ತಾಗುತ್ತಿರಲಿಲ್ಲ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಊಟ, ನೀರು, ಕತ್ತರಿಸಿದ ಅಡಿಕೆ ಎಲ್ಲ ಕೊಡುತ್ತಿದ್ದರು. ಆದರೆ ಎಲ್ಲವನ್ನೂ ಅವಳೆದುರು ನೆಲದಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಅವಳೊಂದಿಗೆ ಗಟ್ಟಿಯಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ನಮ್ಮ ಜಗಲಿಯ ಕೆಳಗೆ ಬಂದು ನಿಂತಳು.

“ಆಚಾರ್ರೇ, ನನಗೊಂದು ಪೀಶಕತ್ತಿ ಮಾಡಿ ಕೊಡ್ತೀರಾ?”

“ಮನೆಯಲ್ಲಿ ಕತ್ತಿ ಇಲ್ವಾ?” ಎಂದು ನಾನು ಬಾಯಿ ಹಾಕಿದೆ.

“ಉಂಟು ಕಾಂತಿಯಕ್ಕ. ಅಣ್ಣ ಮುಟ್ಟಲಿಕ್ಕೆ ಬಿಡುವುದಿಲ್ಲ. ನನಗೆ ಒಂದು ಅಡಿಕೆ ನಾನೇ ಕತ್ತರಿಸಿ, ಎಲೆ ಮಡಚಿ, ಮನೆಗೆ ಬಂದವರಿಗೂ ಕೊಡಬೇಕು ಅಂತ ಆಸೆ. ಆಚಾರ್ರು ಮಾಡಿದ ಕತ್ತಿಯಾದರೆ ಅವನು ಬೇಡ ಹೇಳ್ಲಿಕ್ಕಿಲ್ಲ.”

ಇಷ್ಟೇ ಅವಳು ಕೇಳಿದ್ದು. ಮೇಲೆ ಬಾ ಎಂದು ಕರೆದು ಕೂರಿಸಿದೆ.

ಇವರು ತಮಗೆ ತೋಚಿದ ಹಾಗೆ ಮಾಡಿದರು. ಬಲವಿಲ್ಲದ ಕೈ, ಪಾಪ, ಎಳೆಯಲು ಕಷ್ಟವಾಗಬಾರದೆಂದು ಅಲಗನ್ನು ಬಿಗಿಹಿಡಿಯುವ ಹಿಡಿಯ ಬೆನ್ನಿನ ಸ್ಪ್ರಿಂಗನ್ನು ಉಜ್ಜಿ ಉಜ್ಜಿ ಸಡಿಲ ಮಾಡಿದರು. ಅಲಗಿನ ಬುಡವನ್ನು ದುಂಡಗೆ ನುಣುಪು ಮಾಡಿದರು. ಊದಿದರೆ ಮುಚ್ಚುವಂಥ ಕತ್ತಿ. ಅವರ ಕೈಯಿಂದ ಅಷ್ಟು ನಯದ ಕೆಲಸ ಮೊದಲು ಆಗಿರಲಿಲ್ಲ.

ಸೇಸಮ್ಮ ನಮ್ಮ ಜಗಲಿಯಲ್ಲೇ ಕೂತು ಅದನ್ನು ಬಿಡಿಸಿದಳು, ಅಡಿಕೆ ಕತ್ತರಿಸಿದಳು, ಮಡಚಿದಳು. ಮುಖವೆಲ್ಲ ನಗು.

“ಎಷ್ಟು ನಯ ಮಾರಾಯ್ರೇ! ಮುಚ್ಚಿದ್ದೇ ಗೊತ್ತಾಗಲಿಲ್ಲ!”

ನಾನು ನೋಡುತ್ತೇನೆ, ಅವಳ ಸೀರೆಯ ನೆರಿಗೆಯಲ್ಲಿ ರಕ್ತ ಇಳಿಯುತ್ತಾ ಇದೆ. ತೋರುಬೆರಳು ಅಲಗಿನ ಅಡಿಯಲ್ಲೇ ಇತ್ತು. ಅವಳು ಇನ್ನೂ ನಗುತ್ತಲೇ ಇದ್ದಳು. ಅಯ್ಯೋ ದೇವರೇ ಎಂದು ನಾನು ಕಿರುಚಿದಾಗ ಬಗ್ಗಿ ತನ್ನ ಕೈಯನ್ನು ನೋಡಿದಳು.

“ಛೆ, ನಿಮ್ಮ ಜಗಲಿ ಕೊಳೆಯಾಯಿತಲ್ಲ ಕಾಂತಿಯಕ್ಕ” ಎಂದಳು.

ಕೂಗು ಕೇಳಿ ಧರ್ಣಪ್ಪಣ್ಣ ಗದ್ದೆಯಿಂದ ಓಡಿ ಬಂದರು. ಹೆಗಲ ಬಟ್ಟೆಯನ್ನು ಹರಿದು ಅವಳ ಬೆರಳಿಗೆ ಸುತ್ತಿದರು. ಕತ್ತಿಯನ್ನು ಕಿತ್ತು ಕುಲುಮೆಯ ಮೂಲೆಗೆ ಎಸೆದರು.

“ಆಚಾರಿ, ಅವಳಿಗೆ ಉಳಿದಿರುವುದು ಈ ಬೆರಳುಗಳು. ಅವನ್ನೂ ತೆಗೀಬೇಕಾ ನಿಮಗೆ? ಇನ್ನು ಅವಳು ಕತ್ತಿಯ ಸುದ್ದಿ ಎತ್ತುವುದು ಬೇಡ.”

ಬೆರಳು ಕೊಯ್ದದ್ದಕ್ಕೆ ಅಳದ ಸೇಸಮ್ಮ ಆಗ ಅತ್ತಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಣ್ಣನ ಹಿಂದೆ ನಡೆದಳು.

ಇವರು ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನವೂ ಗಂಜಿಯ ಬಟ್ಟಲು ಹಾಗೆಯೇ ವಾಪಸ್ಸು ಬಂತು. ಆಮೇಲೆ ಒಮ್ಮೆಗೇ ಬಾಯಿ ಬಿಟ್ಟರು.

“ಕಾಂತಿ, ನಮಗೆಲ್ಲ ಬೆರಳು ನೋಯುತ್ತದೆ, ಎಳೆದುಕೊಳ್ಳುತ್ತೇವೆ. ಅವಳಿಗೆ ಹೇಳುವವರು ಯಾರು? ಕತ್ತಿಯೇ ಹೇಳಬೇಕಲ್ಲ.”

“ಕತ್ತಿ ಮಾತಾಡ್ತದಾ? ತಲೆ ಸರಿ ಉಂಟಾ ನಿಮಗೆ?” ಎಂದೆ. ಬೈದರೂ ಮನಸ್ಸಿನೊಳಗೆ, ಮಾಡಿ ಮಾರಾಯ್ರೇ, ಹೇಗಾದರೂ ಮಾಡಿ ಎನ್ನುತ್ತಿದ್ದೆ.

ಅಲ್ಲಿಂದ ಶುರುವಾಯಿತು ತೊಂಡೆಕಾಯಿಯ ಕಾಟ. ನನ್ನ ಚಪ್ಪರದ ತೊಂಡೆಕಾಯಿಯನ್ನು ಕೊಯ್ದು, ಅಲಗು ಮಡಚಿ ಕೂರುವ ಹಿಡಿಯ ಸೀಳಿನ ಮೇಲೆ ಬೆರಳಿನ ಹಾಗೆ ಇಟ್ಟು ಕತ್ತಿ ಮಡಚುವುದು. ತೊಂಡೆಕಾಯಿ ತುಂಡಾದರೆ ಕತ್ತಿ ಮತ್ತೆ ಅರದ ಕೆಳಗೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಅಲಗನ್ನು ಬಲವಾಗಿ ನೂಕಬೇಕು, ಕೊನೆಗೆ ಅದು ರಪ್ಪೆಂದು ಬೀಳುತ್ತದೆ. ಸಡಿಲ ಮಾಡಿದರೆ ತಾನಾಗಿ ಬೀಳುತ್ತದೆ. ಎರಡರಲ್ಲೂ ತೊಂಡೆಕಾಯಿಯ ಕಥೆ ಮುಗಿಯಿತು. ತುಂಡುಗಳನ್ನೆಲ್ಲ ಬುಟ್ಟಿಯಲ್ಲಿ ತಂದು ಅಡುಗೆಮನೆಯ ಬಾಗಿಲಲ್ಲಿಡುತ್ತಿದ್ದರು. ಬೆಳಿಗ್ಗೆ ಪಲ್ಯ, ಮಧ್ಯಾಹ್ನ ಹುಳಿ, ಸಾಯಂಕಾಲ ಮತ್ತೆ ಪಲ್ಯ. ಮಾಡಿದ್ದುಣ್ಣೋ ಮಹಾರಾಯ ಎಂದು ಬಡಿಸಿದೆ. ಚಪ್ಪರ ಖಾಲಿಯಾದಾಗ ನೆರೆಮನೆಯ ಜುಲೈಕಾಳ ಬಳಿ ಕೇಳಿದೆ. “ಎಂಥ ಕಾಂತಿಯಕ್ಕ, ಆಚಾರ್ರಿಗೆ ಬಸುರಿಯ ಬಯಕೆಯಾ?” ಎಂದು ನಗುತ್ತಾ ಮಡಿಲು ತುಂಬ ಕೊಟ್ಟಳು.

ಕಡೆಗೆ ಇವರು ಅಲಗಿನ ಬುಡವನ್ನು ದುಂಡಗೆ ಬಿಡದೆ ಚೌಕಕ್ಕೆ ಉಜ್ಜಿದರು. ಈಗ ಅಲಗು ಅರ್ಧ ಮಡಚುತ್ತಲೇ ಸ್ಪ್ರಿಂಗು ಆ ಚೌಕದ ಮೇಲೆ ಕೂತು, ಟಕ್ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು. ಇನ್ನೊಮ್ಮೆ ಬೇಕೆಂದೇ ಒತ್ತದೆ ಮುಂದೆ ಹೋಗುವುದಿಲ್ಲ. ನಡುವೆ ಬೆರಳು ಎಲ್ಲಿದೆ ಎಂದು ನೋಡಿಕೊಳ್ಳಲು ಸಮಯ. ಬೆರಳು ತಾಗಿದರೂ ಕೊಯ್ಯದಂತೆ ಅಲಗಿನ ಬುಡದಲ್ಲಿ ಹೆಬ್ಬೆರಳಗಲಕ್ಕೆ ಹರಿತವನ್ನೇ ಕೊಡಲಿಲ್ಲ. ಉಗುರು ಹಾಕಿ ಎಳೆಯುವ ಕಷ್ಟ ಬೇಡವೆಂದು, ಮುಚ್ಚಿದಾಗಲೂ ಅಲಗಿನ ಬೆನ್ನು ಎರಡು ಬೆರಳಿಗೆ ಸಿಗುವಷ್ಟು ಹೊರಗಿರುವಂತೆ ಮಾಡಿದರು. ಸೀಳಿನಲ್ಲಿಟ್ಟ ತೊಂಡೆಕಾಯಿ ಇಡಿಯಾಗಿ ಉಳಿದ ದಿನ ಅದನ್ನು ನನ್ನ ಮುಖದ ಹತ್ತಿರ ಹಿಡಿದು ನಕ್ಕರು.

ನಾವಿಬ್ಬರೂ ಧರ್ಣಪ್ಪಣ್ಣನ ಮನೆಗೆ ಹೋದೆವು. ಕತ್ತಿ ಕಂಡದ್ದೇ ಧರ್ಣಪ್ಪಣ್ಣ ಎದ್ದು ನಿಂತರು.

“ಬೇಡ ಹೇಳಿದ್ದೆನಲ್ಲ ಆಚಾರಿ.”

ಇವರು ತಮ್ಮ ತೋರುಬೆರಳನ್ನು ಸೀಳಿನ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡು ಅಲಗನ್ನು ಮಡಚಿದರು. ಟಕ್. ಅಲಗು ನಿಂತಿತು. ಕತ್ತಿಯನ್ನು ಬಿಡಿಸಿ ಚಾಪೆಯ ಮೇಲಿಟ್ಟರು.

“ನಿಮ್ಮ ಬೆರಳು ಇಟ್ಟು ನೋಡಿ.”

ಧರ್ಣಪ್ಪಣ್ಣ ಕತ್ತಿಯ ಹತ್ತಿರ ಬಂದು ಕೂತರು. ಆಮೇಲೆ ಎತ್ತಿಕೊಂಡು ತಮ್ಮ ಬೆರಳಿಟ್ಟು ಮಡಚಿದರು. ಟಕ್. ಮತ್ತೊಮ್ಮೆ. ಟಕ್. ಕತ್ತಿಯನ್ನು ಪೂರ್ತಿ ಮಡಚಿ ಚಾಪೆಯ ಮೇಲೆ ತಂಗಿಯ ಕಡೆಗೆ ಸರಿಸಿದರು.

ಮೂಲೆಯಿಂದ ಸೇಸಮ್ಮ ಹೇಳಿದಳು, “ಅಲ್ಲಿಯೇ ಇರಲಿ ಆಚಾರ್ರೇ, ನಾನು ಬಂದು ತೆಗೀತೇನೆ.”

ನಮ್ಮಲ್ಲಿ ಕತ್ತಿಯನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಕೆಳಗಿಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು. ಇವರಂತೂ ಆ ಕ್ರಮ ತಪ್ಪಿದವರೇ ಅಲ್ಲ. ಆದರೆ ಆ ಹೊತ್ತು ಮಡಚಿದ ಕತ್ತಿಯನ್ನು ಹಿಡಿದು ಅವಳ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತರು.

“ಕೈ ಚಾಚಿ.”

“ಅಯ್ಯೋ, ಜಗಳ ಆಗ್ತದಲ್ಲ!”

“ಆಗಲಿ ಮಾರಾಯ್ತಿ. ನಿಮ್ಮ ಹತ್ತಿರ ಯಾರಾದರೂ ಒಮ್ಮೆ ಜಗಳ ಮಾಡಬೇಡವಾ?”

ಅವಳ ಅಂಗೈಯಲ್ಲಿ ಕತ್ತಿಯಿಟ್ಟು, ಬಾಗಿದ ಬೆರಳುಗಳನ್ನು ತಮ್ಮ ಕೈಯಿಂದ ಅದರ ಮೇಲೆ ಮಡಚಿದರು. ಅವಳಿಗೆ ಆ ಮುಟ್ಟಿದ್ದು ಗೊತ್ತಾಗುವ ಹಾಗಿರಲಿಲ್ಲ. ಅದಕ್ಕೇ ಇರಬೇಕು, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಆಮೇಲೆ ಅಡಿಕೆ ಕತ್ತರಿಸಿದಳು, ಕತ್ತಿ ಮಡಚಿದಳು. ಟಕ್ ಎಂದಾಗ ನಿಲ್ಲಿಸಿ ಬೆರಳು ನೋಡಿಕೊಂಡು ಮತ್ತೆ ಒತ್ತಿದಳು. ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಅಣ್ಣನ ಕಡೆಗೆ ಚಾಚಿದಳು. ಧರ್ಣಪ್ಪಣ್ಣ ಒಂದು ಗಳಿಗೆ ಆ ಕೈಯನ್ನೇ ನೋಡಿದರು. ಆಮೇಲೆ ತೆಗೆದುಕೊಂಡು ಬಾಯಿಗೆ ಹಾಕಿ ಜಗಿದರು. ಮುಖ ಕಿವುಚಿಕೊಂಡರು.

“ಎಷ್ಟು ಸುಣ್ಣ ಹಾಕಿದ್ದೀ? ಬಾಯಿ ಸುಟ್ಟು ಹೋಯ್ತು! ಕಣ್ಣು ಕಾಣುವುದಿಲ್ವಾ ನಿನಗೆ?”

ಆ ಮನೆಯಲ್ಲಿ ಅವಳ ಮೇಲೆ ಯಾರಾದರೂ ದನಿ ಎತ್ತಿದ್ದು, ಅವಳು ವಾಪಸ್ಸು ಬಂದ ಮೇಲೆ ಅದೇ ಮೊದಲು. ಅತ್ತಿಗೆ ಒಳಗಿನಿಂದ ಓಡಿ ಬಂದಳು.

“ಕಣ್ಣು ಕಾಣ್ತದೆ. ನಿನಗೆ ನಾಲಿಗೆ ಉದ್ದ!” ಎಂದಳು ಸೇಸಮ್ಮ. “ಬೇಡದಿದ್ದರೆ ಉಗಿದು ಬಿಡು.”

“ಉಗಿಯುವುದಿಲ್ಲ. ಏನೀಗ?”

“ಹಾಗಾದರೆ ಬಾಯಿ ಮುಚ್ಚಿ ತಿನ್ನು. ಸಣ್ಣದಿರುವಾಗಲೂ ನೀನು ಹೀಗೆಯೇ, ತಿಂದು ಮುಗಿಸಿ ಹುಳಿ ಅಂತ ಹೇಳುವವ!”

ಅಣ್ಣನಿಗೆ ಬೈಯುತ್ತಾ ಬೈಯುತ್ತಾ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಧರ್ಣಪ್ಪಣ್ಣ ಕೆಂಪು ಬಾಯಲ್ಲಿ ಗಟ್ಟಿಯಾಗಿ ಉತ್ತರ ಕೊಡುತ್ತಲೇ ಇದ್ದರು. ಇವರು ಕೊಡೆ ಎತ್ತಿಕೊಂಡು ಮೆಲ್ಲಗೆ ಅಂಗಳಕ್ಕೆ ಇಳಿದರು. ನಾನು ಮಾತ್ರ ಕಂಬ ಹಿಡಿದು ನಿಂತು ಅತ್ತುಬಿಟ್ಟೆ. ಆ ಜಗಳ ಬಿಟ್ಟು ಹೊರಡಲು ನನಗೆ ಮನಸ್ಸೇ ಬರಲಿಲ್ಲ.