ಇಳಿಯುವಾಗ ಮಾತ್ರ ಕೇಳುವ ಸದ್ದು

ಕತ್ರಿಗುಪ್ಪೆಯ ನಮ್ಮ ಮನೆಯಿಂದ ಮುಖ್ಯರಸ್ತೆ ಮುಟ್ಟುವಷ್ಟರಲ್ಲಿ ಐದು ಹಂಪುಗಳಿವೆ. ಎರಡು ಪಾಲಿಕೆಯವರು ಹಾಕಿದವು, ಒಂದು ಶಾಲೆಯ ಮುಂದೆ ಪೋಷಕರು ಹಟ ಹಿಡಿದು ಹಾಕಿಸಿದ್ದು. ಉಳಿದೆರಡು, ಯಾರು ಯಾವಾಗ ಏತಕ್ಕಾಗಿ ಹಾಕಿದರೆಂದು ಇಂದಿಗೂ ಪತ್ತೆಯಾಗದ ಸ್ವಯಂಭೂ ಮೂರ್ತಿಗಳು. ಈ ಪಂಚಪರ್ವತಗಳನ್ನು ಏರುವಾಗ ನನ್ನ ಕಾರು ಮೌನವ್ರತಸ್ಥೆಯಂತೆ ಸುಮ್ಮನಿರುತ್ತಿತ್ತು. ಇಳಿಯುವಾಗ ಮಾತ್ರ, ಮುಂದಿನ ಎಡಚಕ್ರದ ಆಸುಪಾಸಿನಲ್ಲೆಲ್ಲೋ, ‘ಕಟಕ್’ ಎನ್ನುತ್ತಿತ್ತು. ದೊಡ್ಡ ಸದ್ದೇನಲ್ಲ ಬಿಡಿ. ಅಡಕತ್ತರಿಗೆ ಸಿಕ್ಕ ಗೋಟಡಿಕೆ ಎಷ್ಟು ಸದ್ದು ಮಾಡೀತೋ ಅಷ್ಟೇ.

ನಾನು ಜಯನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮ ಶಾಸ್ತ್ರದಲ್ಲಿ ಶಬ್ದವೆಂದರೆ ಪದ, ಪದವೆಂದರೆ ಅರ್ಥ. ಅರ್ಥವಿಲ್ಲದ ಶಬ್ದವನ್ನು ನಾವು ಶಬ್ದವೆಂದೇ ಒಪ್ಪುವುದಿಲ್ಲ. ಹೀಗಾಗಿ ಈ ಕಟಕ್ಕಿಗೂ ಏನೋ ಒಂದು ಅರ್ಥವಿರಲೇಬೇಕೆಂದು ನನಗೆ ಮೊದಲ ದಿನವೇ ಅನ್ನಿಸಿತು. ಅದನ್ನು ಮಿಕ್ಕವರಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಏಕೆಂದರೆ ನಾನು ಕಾರು ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ನಮ್ಮ ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ ಕುಳಿತು ಕಲಿತ ವಿದ್ಯೆ ಅದು. ತಡವಾಗಿ ಕಲಿತವಳ ಕಾರಿನಲ್ಲಿ ಏನು ಸದ್ದಾದರೂ ಅದು ಕಾರಿನದ್ದಲ್ಲ, ಕಲಿತವಳದ್ದು ಎಂಬುದು ಲೋಕದ ಸಿದ್ಧಾಂತ.

ಈ ಸಿದ್ಧಾಂತದ ಮುಖ್ಯ ಪ್ರತಿಪಾದಕರು ನಮ್ಮ ಯಜಮಾನರು. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಇವರು ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತರೆ ಮಾತ್ರ ಸಕಲಶಾಸ್ತ್ರ ಪಾರಂಗತರು.

“ಹಂಪ್ ಮೇಲಿಂದ ನೀನು ಇಳಿಯಲ್ಲ, ಧುಮುಕ್ತೀಯ,” ಎಂದರು ಇವರು. “ಗಾಡಿ ಪಾಪ ಇನ್ನೇನು ಮಾಡುತ್ತೆ?”

ಸರ್ವಿಸ್ ಸೆಂಟರಿನ ಮಂಜುನಾಥ ಎಂಬ ಅಡ್ವೈಸರ್ ಇನ್ನೂ ಸೌಮ್ಯವಾಗಿ ಅದನ್ನೇ ಹೇಳಿದ. ಮೂವತ್ತರ ಆಸುಪಾಸಿನ ವಿನಯವಂತ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಒಂದು ಸುತ್ತು ಓಡಿಸಿ ನೋಡಿದ. ಮನೆಯಲ್ಲಿ ಪದ್ಯವನ್ನು ಗಟ್ಟಿಯಾಗಿ ಒಪ್ಪಿಸಿ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಬಾಯಿಗೆ ಬೀಗ ಹಾಕಿಕೊಳ್ಳುವ ಮಗುವಿನ ಹಾಗೆ, ಅವನ ಮುಂದೆ ಕಾರು ಒಂದು ಚೂರೂ ಉಸಿರೆತ್ತಲಿಲ್ಲ. ಕೊನೆಗೆ ಅವನು ಸೀಟಿನ ಕೆಳಗೆ ಕೈ ಹಾಕಿ, ನಾನು ಒಂದು ತಿಂಗಳಿಂದ ಮನೆಯೆಲ್ಲ ಹುಡುಕುತ್ತಿದ್ದ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಹೊರತೆಗೆದ.

“ಇದೇ ಮೇಡಂ ನಿಮ್ಮ ಸೌಂಡು,” ಎಂದ.

ಮುಚ್ಚಳ ಸಿಕ್ಕಿತೆಂಬ ಸಂತೋಷ, ಮಾನ ಹೋಯಿತೆಂಬ ಸಂಕಟ ಎರಡೂ ಏಕಕಾಲಕ್ಕೆ ಬಂದರೆ ಮನುಷ್ಯರ ಮುಖ ಹೇಗಿರುತ್ತದೆಂದು ಅಂದು ಅವನು ನೋಡಿರಬೇಕು. ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡೇ ಮನೆಗೆ ಹೊರಟೆ. ಮೊದಲ ಹಂಪು ಇಳಿಯುತ್ತಿದ್ದಂತೆ, ಕಟಕ್.

ನನ್ನ ಪಕ್ಷಕ್ಕೆ ಬಂದ ಏಕೈಕ ಸಾಕ್ಷಿಯೆಂದರೆ ಪುಷ್ಪಲತಾ. ನಮ್ಮ ಕಾಲೇಜಿನ ಗ್ರಂಥಪಾಲಕಿಯಾದ ಈಕೆ ದಿನವೂ ಬನಶಂಕರಿಯ ಬಿಡಿಎ ಕಾಂಪ್ಲೆಕ್ಸ್ ಬಳಿ ನನ್ನ ಕಾರು ಹತ್ತುತ್ತಾರೆ. ಒಂದು ಬೆಳಿಗ್ಗೆ ಹೇಳಲೋ ಬೇಡವೋ ಎಂಬಂತೆ ಬಾಯಿಬಿಟ್ಟರು: “ಮೇಡಂ, ತಪ್ಪು ತಿಳ್ಕೋಬೇಡಿ. ಎಡಗಡೆ, ಮುಂದೆ. ಇಳಿಯೋವಾಗ ಮಾತ್ರ. ಅಲ್ವಾ?” ಮೂವತ್ತು ವರ್ಷ ಓದುವ ಕೊಠಡಿಯಲ್ಲಿ ಕುಳಿತು, ಯಾವ ಮೂಲೆಯ ಯಾವ ಮೇಜಿನಲ್ಲಿ ಪಿಸುಮಾತು ಹುಟ್ಟಿತೆಂದು ತಲೆಯೆತ್ತದೆ ಹೇಳಬಲ್ಲವರು ಅವರು. ಅವರ ಕೈ ಹಿಡಿದು ಅತ್ತುಬಿಡೋಣ ಎನ್ನಿಸಿತು. ಹಸಿರು ದೀಪ ಬಿದ್ದಿತ್ತಾದ್ದರಿಂದ ಅಳಲಿಲ್ಲ.

ಇಷ್ಟಾದ ಒಂದು ತಿಂಗಳಿಗೆ ಕಾರು ತಯಾರಿಸಿದವರಿಂದ ಕಾಗದ ಬಂತು. ಇಂತಿಂಥ ತಿಂಗಳುಗಳಲ್ಲಿ ತಯಾರಾದ ಗಾಡಿಗಳಲ್ಲಿ ಮುಂದಿನ ಚಕ್ರವನ್ನು ಹಿಡಿದಿಡುವ ಒಂದು ಕೀಲು ಸಡಿಲಗೊಳ್ಳುವ ಸಂಭವವಿದೆ, ಹಾಗಾದಲ್ಲಿ ಸದ್ದು ಬರಬಹುದು, ಮುಂದುವರಿದರೆ ಸ್ಟೀರಿಂಗ್ ಹತೋಟಿ ತಪ್ಪಬಹುದು, ಆದ್ದರಿಂದ ಗಾಡಿಯನ್ನು ಹಿಂದಕ್ಕೆ ಕರೆಸಿ ಆ ಭಾಗವನ್ನು ಉಚಿತವಾಗಿ ಬದಲಿಸಿ ಕೊಡುತ್ತೇವೆ ಎಂಬ ಒಕ್ಕಣೆ. ಯಜಮಾನರು ಗಟ್ಟಿಯಾಗಿ ಓದಲು ಶುರುಮಾಡಿದವರು ‘ಸದ್ದು’ ಎಂಬ ಪದ ಬರುತ್ತಲೇ ದನಿ ತಗ್ಗಿಸಿ, ‘ಹತೋಟಿ’ ಬರುವಷ್ಟರಲ್ಲಿ ಮನಸ್ಸಿನಲ್ಲೇ ಓದತೊಡಗಿದರು. ಆಮೇಲೆ ಕಾಗದವನ್ನು ಮಡಿಸಿ ನನ್ನ ಕೈಗಿತ್ತು, ಕುಡಿಯುವ ನೀರು ತುಂಬಿಡುತ್ತೇನೆಂದು ಒಳಗೆ ಹೋದರು. ನೀರು ಆಗಲೇ ತುಂಬಿತ್ತು.

ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯುವ ತವರಿನವರ ಹಾಗೆ ಕಾರ್ಖಾನೆಯವರು ಕರೆದಿದ್ದಾರೆಂದು ನಾನು ಮಾರನೆಯ ದಿನವೇ ಕಾರನ್ನು ತೊಳೆಸಿ ಸಡಗರದಿಂದ ಕರೆದೊಯ್ದೆ. ಬಾಗಿಲಲ್ಲೇ ಮಂಜುನಾಥ ತಲೆ ತುರಿಸಿಕೊಂಡ.

“ಪಾರ್ಟ್ ಇನ್ನೂ ಬಂದಿಲ್ಲ ಮೇಡಂ. ಬಂದ ತಕ್ಷಣ ಕಾಲ್ ಮಾಡ್ತೀವಿ.”

“ಅಲ್ಲಿವರೆಗೂ ಓಡಿಸಬಹುದಾ?”

“ಓಡಿಸಬಹುದು ಮೇಡಂ... ಸ್ವಲ್ಪ ನೋಡ್ಕೊಂಡು.”

“ಏನನ್ನ ನೋಡ್ಕೊಂಡು?”

ಅವನು ಕಂಪ್ಯೂಟರ್ ಪರದೆಯನ್ನು ನೋಡಿಕೊಂಡ. ಓಡಿಸಬಹುದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ ಎಂದೆ. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು, ಹಾಗೆಲ್ಲ ಬರೆದುಕೊಡಲು ಆಗುವುದಿಲ್ಲ ಎಂದ. ಬಾಯಲ್ಲಿ ಹೇಳಬಹುದಾದದ್ದನ್ನು ಬರೆಯಲು ಆಗದಿದ್ದರೆ ಅದು ಹೇಳಬಾರದ ಮಾತೆಂದೇ ಅರ್ಥವಲ್ಲವೇ? ಗಾಡಿಯನ್ನು ಅಲ್ಲೇ ಬಿಡುತ್ತೇನೆಂದರೆ, ಪಾರ್ಟು ಬರುವ ತನಕ ನಿಲ್ಲಿಸಿಕೊಳ್ಳಲು ಜಾಗವಿಲ್ಲವಂತೆ. ಹದಿನೈದರ ವೇಗದಲ್ಲಿ ಮನೆಗೆ ತಂದು, ಹೊದಿಕೆ ಹೊದಿಸಿ, ಇನ್ನು ಓಡಿಸುವುದಿಲ್ಲವೆಂದು ಶಪಥ ಮಾಡಿದೆ.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಬೆಳಿಗ್ಗೆ ನಾನು ಫೋನ್ ಮಾಡುವುದು, ಅವನು “ಬರ್ತಾ ಇದೆ ಮೇಡಂ” ಎನ್ನುವುದು. ಮೂರು ತಿಂಗಳು ಕಳೆದವು. ಬಂತು ಎಂಬ ಭೂತವಾಗಲಿ, ಬರುತ್ತದೆ ಎಂಬ ಭವಿಷ್ಯವಾಗಲಿ ಇಲ್ಲದೆ ಕೇವಲ ವರ್ತಮಾನದಲ್ಲೇ ಅಖಂಡವಾಗಿ ‘ಬರ್ತಾ ಇರುವ’ ವಸ್ತುವನ್ನು ನಮ್ಮ ವ್ಯಾಕರಣದ ಪಾಠಗಳಲ್ಲಿ ನಾನೆಲ್ಲೂ ಕಂಡಿರಲಿಲ್ಲ. ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸೇನೂ ನನಗೆ ಹೊಸದಲ್ಲ. ಆದರೆ ಅರ್ಧ ಶತಮಾನ ಕಾದು ಕೈಗೆ ಬಂದ ಸ್ಟೀರಿಂಗು ಮೂರೇ ವರ್ಷಕ್ಕೆ ಕೈತಪ್ಪಿತಲ್ಲ ಎಂಬ ಕೊರಗು ಕಂಬಿ ಹಿಡಿದು ನಿಂತಾಗಲೆಲ್ಲ ಚುಚ್ಚುತ್ತಿತ್ತು.

ಶಪಥ ಮುರಿದದ್ದು ಒಂದು ಗೃಹಪ್ರವೇಶದ ಬೆಳಿಗ್ಗೆ. ಮುರಿದವಳು ನಾನೇ, ಬೇರೆಯವರನ್ನು ದೂರಲಾರೆ. ಯಜಮಾನರ ಅಕ್ಕನ ಮಗ ಜೆ.ಪಿ. ನಗರದ ಏಳನೇ ಹಂತದಲ್ಲಿ ಮನೆ ಕಟ್ಟಿಸಿದ್ದ. ಹಿಂದಿನ ದಿನ ನಮ್ಮಲ್ಲಿಗೆ ಬಂದಿದ್ದ ಅವನ ತಾಯಿ, ಅಂದರೆ ನಮ್ಮ ಅತ್ತಿಗೆಯವರನ್ನು ಹಾಲುಕ್ಕಿಸುವ ಮುಹೂರ್ತಕ್ಕೆ ಮುಟ್ಟಿಸಬೇಕಿತ್ತು. ಫೋನಿನಲ್ಲಿ ಒಪ್ಪಿಕೊಂಡ ಮೂರು ಆಟೋಗಳು ಒಂದರ ಹಿಂದೊಂದು ಕೈಕೊಟ್ಟವು. ರೇಷ್ಮೆ ಸೀರೆಯುಟ್ಟು ಗೇಟಿನ ಬಳಿ ನಿಂತ ಅತ್ತಿಗೆ ಗಡಿಯಾರ ನೋಡಿ, ಕಾರು ನೋಡಿ, ನನ್ನನ್ನು ನೋಡಿದರು. “ನಿಧಾನಕ್ಕೆ ಓಡಿಸಿದ್ರಾಯ್ತು ಕಣೇ ಸುಮತಿ. ಹತ್ರಾನೇ ಅಲ್ವಾ?” ಎಂದರು. ನಾನು ಹೊದಿಕೆ ತೆಗೆದೆ.

ಸಾರಕ್ಕಿ ಸಿಗ್ನಲ್ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಅಗೆದು ಮುಚ್ಚಿದ ಒಂದು ದಿಣ್ಣೆ. ಇಳಿಯುವಾಗ ಕಟಕ್ ಎನ್ನಲಿಲ್ಲ. ‘ಕಡ್’ ಎಂದಿತು. ವ್ಯಂಜನ ಬದಲಾದರೆ ಅರ್ಥವೂ ಬದಲಾಗುತ್ತದೆಂದು ತರಗತಿಯಲ್ಲಿ ಹೇಳುವುದು ಬೇರೆ, ಅಂಗೈಯಲ್ಲಿ ತಿಳಿಯುವುದು ಬೇರೆ. ಸ್ಟೀರಿಂಗು ತಾನಾಗಿ ಎಡಕ್ಕೆ ಎಳೆಯಿತು. ಎಡಬದಿಯಲ್ಲಿ ಹೆಲ್ಮೆಟ್ ತೊಟ್ಟ ಹುಡುಗಿಯೊಬ್ಬಳು ಸ್ಕೂಟಿಯಲ್ಲಿ ಹೋಗುತ್ತಿದ್ದಳು. ಬ್ರೇಕ್ ಒತ್ತಿ ಅಲ್ಲೇ, ನಡುರಸ್ತೆಯಲ್ಲೇ, ನಿಲ್ಲಿಸಿಬಿಟ್ಟೆ. ಹಿಂದಿನಿಂದ ಹಾರನ್ನುಗಳ ಮಂಗಳವಾದ್ಯ ಮೊಳಗಿತು.

“ಇಲ್ಯಾಕೆ ನಿಲ್ಸಿದೆ? ಮುಂದೆ ಸೈಡಿಗೆ ತಗೋ,” ಎಂದರು ಯಜಮಾನರು.

“ಇಲ್ಲ ರೀ. ಇನ್ನೊಂದಡೀನೂ ಓಡಿಸಲ್ಲ. ಇಬ್ರೂ ಇಳೀರಿ.”

ಇಬ್ಬರೂ ಇಳಿದರು. ಹಿಂದೆ ನಿಂತಿದ್ದ ಆಟೋದವನು ಜಗಳಕ್ಕೆಂದೇ ಇಳಿದು ಬಂದವನು, ನಮ್ಮ ಮುಖ ನೋಡಿ ಮನಸ್ಸು ಬದಲಿಸಿ, ಕೂತು ಎಡಚಕ್ರದ ನೆತ್ತಿ ಹಿಡಿದು ಅಲ್ಲಾಡಿಸಿದ. ಚಕ್ರ, ಬೀಳಲು ಸಿದ್ಧವಾದ ಹಾಲುಹಲ್ಲಿನಂತೆ ಆಚೀಚೆ ಆಡಿತು.

“ಅಕ್ಕಾ, ಒಳ್ಳೆ ಟೈಮಲ್ಲಿ ನಿಲ್ಸಿದ್ರಿ. ಇದು ಕೈಯಲ್ಲೇ ಆಡ್ತಾ ಇದೆ. ಇನ್ನೊಂದು ಹಳ್ಳ ಸಿಕ್ಕಿದ್ರೆ ಕಥೆ ಬೇರೆ ಆಗ್ತಿತ್ತು.”

ಅವನೇ ಅತ್ತಿಗೆಯನ್ನು ತನ್ನ ಆಟೋದಲ್ಲಿ ಕೂರಿಸಿಕೊಂಡು ಹೊರಟ. ಜೊತೆಗೆ ಹೋಗಿ ಎಂದರೆ ಯಜಮಾನರು ಹೋಗಲಿಲ್ಲ. ಟೋಯಿಂಗ್ ಗಾಡಿ ಬರುವವರೆಗೂ ಜರಿಯಂಚಿನ ಪಂಚೆಯುಟ್ಟು ಕಾರಿನ ಹಿಂದೆ ನಿಂತು, ಹೆಗಲ ಮೇಲಿನ ಶಲ್ಯವನ್ನು ಬೀಸಿ ಬೀಸಿ, ಬರುವ ವಾಹನಗಳನ್ನೆಲ್ಲ ಬಲಕ್ಕೆ ಕಳಿಸುತ್ತಿದ್ದರು. ಬಿಎಂಟಿಸಿ ಬಸ್ಸೊಂದರ ಡ್ರೈವರು ಅವರಿಗೆ ಸೆಲ್ಯೂಟ್ ಹೊಡೆದು ಹೋದ. ಹೆದರಿಕೆ ಇನ್ನೂ ಇಳಿಯದ ಆ ಹೊತ್ತಿನಲ್ಲೂ ನನಗೆ ನಗು ಬಂತು.

ರೇಷ್ಮೆ ಸೀರೆಯಲ್ಲಿ ಸರ್ವಿಸ್ ಸೆಂಟರಿಗೆ ಹೋದರೆ ಒಂದು ಅನುಕೂಲವುಂಟು. ಕಾಯಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಫೋರ್‌ಮನ್ ಸುಬ್ರಮಣಿ ಎಂಬ ಹಿರಿಯರು ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ನನ್ನನ್ನು ಅದರ ಕೆಳಗೇ ಕರೆದರು. ಒಂದು ಕಬ್ಬಿಣದ ಸಲಾಕೆ ತೂರಿಸಿ ಆ ಕೀಲನ್ನು ಮೀಟಿದರು. ಕಟಕ್.

“ನೀವು ಹೇಳ್ತಾ ಇದ್ದ ಸೌಂಡ್ ಇದೇನಾ ಮೇಡಂ?”

“ಇದೇ.”

“ಮೊದ್ಲೇ ಹಿಂಗೆ ಎತ್ತಿ ನೋಡಬೇಕಿತ್ತು,” ಎಂದು ಮಂಜುನಾಥನ ಕಡೆ ತಿರುಗಿದರು. ಅವನು ಬಿಳಿಚಿಕೊಂಡಿದ್ದ. ಅವನ ಮೇಲೆ ರೇಗಬೇಕೆಂದು ದಾರಿಯುದ್ದಕ್ಕೂ ಹೆಣೆದುಕೊಂಡಿದ್ದ ಸಮಾಸಭರಿತ ವಾಕ್ಯಗಳೆಲ್ಲ ನನಗೆ ಮರೆತೇಹೋದವು. ಬೇರೊಂದು ಪ್ರಶ್ನೆ ಎದ್ದಿತು.

“ನನ್ನ ಹಾಗೆ ಪಾರ್ಟಿಗೆ ಕಾಯ್ತಾ ಇರೋರು ಇನ್ನೂ ಇದ್ದಾರಾ?”

“ಎರಡು ಪೇಜ್ ಲಿಸ್ಟ್ ಇದೆ ಮೇಡಂ.”

“ಅವರೆಲ್ಲ ಓಡಿಸ್ತಾ ಇದ್ದಾರಾ?”

“ಹ್ಞೂಂ.” ಆಮೇಲೆ ಸೇರಿಸಿದ: “ನೋಡ್ಕೊಂಡು.”

ಅಲ್ಲೇ ಕುರ್ಚಿ ಎಳೆದುಕೊಂಡು ಅವನೆದುರು ಕುಳಿತು, ಅಷ್ಟೂ ಜನರಿಗೆ ಈಗಲೇ ಫೋನ್ ಮಾಡಪ್ಪಾ ಎಂದೆ. ಮೊದಲನೆಯವರಿಗೆ ಅಭ್ಯಾಸಬಲದಿಂದ “ಸ್ವಲ್ಪ ನೋಡ್ಕೊಂಡು ಓಡಿಸಿ ಸಾರ್” ಎಂದು ಶುರುಮಾಡಿದ. ಉತ್ತರಪತ್ರಿಕೆಯ ತಪ್ಪನ್ನು ನೋಡುವ ಹಾಗೆ ನೋಡಿದೆ. ತಿದ್ದಿಕೊಂಡ. “ಓಡಿಸ್ಬೇಡಿ ಸಾರ್. ಗಾಡಿ ಇದ್ದಲ್ಲೇ ನಿಲ್ಸಿ. ನಾವೇ ಬಂದು ಚೆಕ್ ಮಾಡ್ತೀವಿ.” ಮೂರನೆಯ ಕರೆಯ ಹೊತ್ತಿಗೆ ನಾನು ನೋಡುವ ಅಗತ್ಯವೇ ಬೀಳಲಿಲ್ಲ. ಬಿಟಿಎಂ ಲೇಔಟಿನ ಯಾರೋ ಒಬ್ಬರು, ತಮಗೂ ಎಡಗಡೆ ಸದ್ದಿದೆಯೆಂದೂ, ಮಗನನ್ನು ಶಾಲೆಯಿಂದ ಕರೆತರಲು ಆಗತಾನೇ ಕೀಲಿ ಕೈಗೆ ತೆಗೆದುಕೊಂಡಿದ್ದೆನೆಂದೂ ಹೇಳಿದ್ದು ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. ಮಂಜುನಾಥ ಫೋನಿಟ್ಟು ಒಂದು ಲೋಟ ನೀರು ಕುಡಿದ.

ಅಷ್ಟರಲ್ಲಿ ಮ್ಯಾನೇಜರು ಗಾಜಿನ ಕೋಣೆಯಿಂದ ಬಂದರು. ಹೀಗೆಲ್ಲ ಹೇಳಿದರೆ ಗಿರಾಕಿಗಳು ಗಾಬರಿಯಾಗುತ್ತಾರೆ ಎಂಬುದು ಅವರ ಚಿಂತೆ. ನನ್ನೊಡನೆ ಮಾತಾಡಿ ಸಾರ್ಥಕವಿಲ್ಲವೆಂದು ತಿಳಿದು, ಮೂಲೆಯಲ್ಲಿ ಶಲ್ಯ ಮಡಿಸಿಕೊಂಡು ನಿಂತಿದ್ದ ಯಜಮಾನರನ್ನು ಹಿಡಿದರು. “ಸಾರ್, ನೀವಾದ್ರೂ ಮೇಡಂಗೆ ಸ್ವಲ್ಪ ಹೇಳಿ.”

ಯಜಮಾನರು ಗಂಟಲು ಸರಿಮಾಡಿಕೊಂಡರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

“ಗಾಡಿ ಓಡಿಸೋದು ಅವರು. ಸದ್ದು ಕೇಳಿಸಿದ್ದೂ ಅವರಿಗೇ. ನಂಗೆ ಕೇಳಿಸ್ಲಿಲ್ಲ, ನಿಮಗೂ ಕೇಳಿಸ್ಲಿಲ್ಲ. ಏನು ಮಾಡ್ಬೇಕು ಅಂತ ಅವರನ್ನೇ ಕೇಳಿ.”

ನಮ್ಮ ಭಾಷೆಯಲ್ಲಿ ಕಿವಿಗೆ ಬೀಳುವುದಕ್ಕೂ ‘ಕೇಳು’, ಪ್ರಶ್ನಿಸುವುದಕ್ಕೂ ‘ಕೇಳು’, ಬೇಡುವುದಕ್ಕೂ ‘ಕೇಳು’ ಎಂದು ಎಷ್ಟೋ ವರ್ಷಗಳಿಂದ ನಾನಾರ್ಥಗಳ ಪಾಠ ಮಾಡಿದ್ದೇನೆ. ವಿದ್ಯಾರ್ಥಿಗಳಿಗೆ ಅರ್ಥವಾಯಿತೋ ಇಲ್ಲವೋ, ಇಂಜಿನ್ ಎಣ್ಣೆಯ ವಾಸನೆಯ ಆ ಜಾಗದಲ್ಲಿ ನನಗಂತೂ ಅರ್ಥವಾಯಿತು. ಮ್ಯಾನೇಜರು ಕೇಳಿದರು. ನಾನು ಹೇಳಿದೆ. ಸಂಜೆಯೊಳಗೆ ಎರಡೂ ಪುಟ ಮುಗಿದವು.

ಪಾರ್ಟು ಹತ್ತೇ ದಿನದಲ್ಲಿ ಬಂತು. ಹೇಗೆ ಬಂತೆಂದು ಕೇಳಲಿಲ್ಲ. ಬಂತು ಎಂಬ ಭೂತಕಾಲದ ರೂಪವೇ ಕಿವಿಗೆ ಅಮೃತವಾಗಿತ್ತು. ಎರಡೂ ಚಕ್ರಗಳಿಗೆ ಹೊಸ ಕೀಲು ಕೂಡಿಸಿ, ಸುಬ್ರಮಣಿಯವರೇ ಹಂಪುಗಳ ಮೇಲೆ ಓಡಿಸಿ ತೋರಿಸಿ ಕಳಿಸಿದರು.

ಮುಂದಿನ ಭಾನುವಾರ ಹೊಸ ಮನೆ ನೋಡಲು ಇಬ್ಬರೂ ಹೊರಟೆವು. ನಮ್ಮ ರಸ್ತೆಯ ಐದು ಹಂಪುಗಳನ್ನೂ ಕಾರು ಬೆಣ್ಣೆಯಂತೆ ಇಳಿಯಿತು. ಸ್ವಲ್ಪ ದೂರ ಹೋಗಿರಬಹುದು, ಯಜಮಾನರು ಕಿಟಕಿಯ ಗಾಜು ಇಳಿಸಿ, ತಲೆ ಹೊರಹಾಕಿ ಆಲಿಸಿ, ಮತ್ತೆ ನೆಟ್ಟಗೆ ಕುಳಿತರು.

“ಸ್ವಲ್ಪ ನಿಲ್ಸು. ಏನೋ ಸದ್ದು ಬಂತು. ಬಲಗಡೆ, ಹಿಂದೆ.”

ನನಗೇನೂ ಕೇಳಿಸಿರಲಿಲ್ಲ. ಡಬ್ಬಿಯ ಮುಚ್ಚಳ, ಧುಮುಕುವಿಕೆ ಇತ್ಯಾದಿಯಾಗಿ ಬಡ್ಡಿಸಮೇತ ಹಿಂದಿರುಗಿಸಬಹುದಾದ ಮಾತುಗಳು ನಾಲಿಗೆಯ ತುದಿಗೆ ಬಂದವು. ಆದರೆ ಇಂಡಿಕೇಟರ್ ಹಾಕಿ, ಮರದ ನೆರಳಿಗೆ ಕಾರನ್ನು ಒಯ್ದು ನಿಲ್ಲಿಸಿದೆ. ಇಬ್ಬರೂ ಇಳಿದೆವು. ಅವರು ಪಂಚೆ ಎತ್ತಿಕಟ್ಟಿ ಒಂದು ಕಡೆ ಬಗ್ಗಿದರು, ನಾನು ಸೆರಗು ಸಿಕ್ಕಿಸಿ ಇನ್ನೊಂದು ಕಡೆ ಬಗ್ಗಿದೆ. ಏನೂ ಇರಲಿಲ್ಲ. ಇರಲಿ ಎಂದು, ಮತ್ತೊಂದು ಸಲ ನೋಡಿದೆವು.