ಒಂದು ಚಿಟಿಕೆ ಕಪ್ಪುಪುಡಿ

ಪರೀಕ್ಷೆ ಮಾಡಿದ್ದೇನೆ ಎಂದು ನಾನು ಹೇಳಿದ್ದು ಸುಳ್ಳು, ರಂಗನಾಥ. ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು. ಮೊದಲನೆಯದು ನಿನ್ನ ಮುಖವನ್ನು ಸುಟ್ಟಿತು. ಎರಡನೆಯದು — ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಆರಂಭ ಎಂದರೆ ಸಾಕು. ದಿನಾಂಕ ನನ್ನ ಬಳಿ ಇದೆ, ಎರಡು ಕಡೆ ತಾಳೆ ನೋಡಿಯೂ ಇದ್ದೇನೆ. ಆದರೆ ದಿನಾಂಕಗಳ ಹಿಂದೆ ಅಡಗುವ ಅಭ್ಯಾಸವೇ ನನ್ನನ್ನು ಇಲ್ಲಿಗೆ ತಂದದ್ದು. ಜರ್ಮನ್‌ಟೌನಿನ ಶಾಲೆಯೊಂದರಲ್ಲಿ, ಈ ಪರದೇಶದ ನಮ್ಮ ಕನ್ನಡ ಸಂಘದ ಯುಗಾದಿ. ಊಟಕ್ಕೆ ಮುಂಚೆ ನನ್ನ ಉಪನ್ಯಾಸ: ಗಾಳಿಯನ್ನು ದ್ರವವಾಗಿಸುವ ವಿದ್ಯೆ ಬರುವ ಮುನ್ನ ಕಾರ್ಖಾನೆಗಳು ಆಮ್ಲಜನಕವನ್ನು ಹೇಗೆ ತಯಾರಿಸುತ್ತಿದ್ದವು? ಬೇರಿಯಂ ಆಕ್ಸೈಡನ್ನು ಕಾಯಿಸಿದರೆ ಗಾಳಿಯ ಆಮ್ಲಜನಕವನ್ನು ಹೀರುತ್ತದೆ, ಇನ್ನಷ್ಟು ಕಾಯಿಸಿದರೆ ಬಿಟ್ಟುಕೊಡುತ್ತದೆ — ಇದನ್ನು ಚಿತ್ರದಲ್ಲಿ ತೋರಿಸುವುದೆಂದಿತ್ತು. ಅದಕ್ಕೂ ಹಳೆಯ ಕ್ರಮವನ್ನು ಜನರ ಕಣ್ಣೆದುರೇ ಮಾಡುವುದು: ಪೊಟ್ಯಾಸಿಯಂ ಕ್ಲೋರೇಟಿಗೆ ಮ್ಯಾಂಗನೀಸಿನ ಕಪ್ಪುಪುಡಿ ಬೆರೆಸಿ ಗಾಜಿನ ನಳಿಕೆಯಲ್ಲಿ ಕಾಯಿಸುವುದು.

ಆ ಪುಡಿಯಲ್ಲಿ ಇದ್ದಿಲ ಕಣ ಸೇರಿದ್ದರೆ ಮಿಶ್ರಣ ಸಿಡಿಯುತ್ತದೆ. ಹಳೆಯ ತಯಾರಕರು ಅದಕ್ಕೇ ಪ್ರತಿ ಹೊಸ ಪುಡಿಯ ಒಂದು ಚಿಟಿಕೆಯನ್ನು ಮೊದಲು ಚೂರು ಕ್ಲೋರೇಟಿನೊಂದಿಗೆ ಬೇರೆಯಾಗಿ ಕಾಯಿಸಿ, ಕಿಡಿ ಹಾರುತ್ತದೆಯೇ ಎಂದು ನೋಡುತ್ತಿದ್ದರು. ನನ್ನ ಉಪನ್ಯಾಸದಲ್ಲೇ ಈ ಮಾತಿತ್ತು. ಆದರೆ ಆ ಬೆಳಿಗ್ಗೆ, ಚಿಟಿಕೆ ಕಾಯಿಸಬೇಕಾದ ಹೊತ್ತಿನಲ್ಲಿ, ಬೇರಿಯಂ ಕ್ರಮದ ಆಮ್ಲಜನಕ ಕಾರ್ಖಾನೆಯೊಂದು ಮುಚ್ಚಿದ ಇಸವಿಯ ಬಗ್ಗೆ ಎರಡು ಪುಸ್ತಕಗಳು ಜಗಳವಾಡುತ್ತಿದ್ದವು — ನಾನು ಅವುಗಳ ನಡುವೆ ಪಂಚಾಯಿತಿಗೆ ಕೂತಿದ್ದೆ. ಪುಡಿಯೋ, ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಾಟಲಿಯದು.

ನೀನು ಶಸ್ತ್ರವೈದ್ಯ. ನನ್ನ ಕೈ ಆಗಲೇ ನಡುಗುತ್ತಿತ್ತು.

"ನಿನ್ ಕೈಗೆ ಬರ್ನರ್ ಕೊಟ್ರೆ ಟೇಬಲ್ ಕ್ಲಾತ್‌ಗೇ ಮಂಗಳಾರತಿ ಮಾಡ್ತೀಯ. ಇಲ್ಲಿ ಕೊಡು, ನಾನ್ ಹಿಡೀತೀನಿ," ಎಂದು ನೀನು ಹೇಳಿದಾಗ ಮುಂದಿನ ಸಾಲಿನವರು ನಕ್ಕರು. ಆಮೇಲೆ ನೀನೇ ದನಿ ತಗ್ಗಿಸಿ ಕೇಳಿದೆ: "ನಿನ್ನೆ ಫೋನಲ್ಲಿ ಹೇಳ್ತಿದ್ಯಲ್ಲ, ಆ ಚಿಟಿಕೆ ಟೆಸ್ಟು — ಮಾಡಿದ್ಯಾ?"

"ಮಾಡಿದೀನಿ. ಶುರು ಮಾಡೋ."

ನಳಿಕೆ ಸಿಡಿಯಿತು. ನಿನ್ನ ಕೆನ್ನೆ, ಹುಬ್ಬು ಸುಟ್ಟವು, ಕಣ್ಣು ಉಳಿಯಿತು. ಅಷ್ಟಕ್ಕೇ ಮುಗಿಯಬಹುದಿತ್ತು.

ಆಸ್ಪತ್ರೆಯಲ್ಲಿ, ಬ್ಯಾಂಡೇಜಿನ ಒಳಗಿನಿಂದ, "ಏನಾಯ್ತೋ? ನಂದೇನಾದ್ರೂ ತಪ್ಪಾ?" ಎಂದು ನೀನು ಕೇಳಿದೆ. ಇಲ್ಲ ಎನ್ನಲು ನಾನು ಬಾಯಿ ತೆರೆದೆ. ನಿನ್ನ ಹೆಂಡತಿ ಸರೋಜಮ್ಮ ನನ್ನನ್ನೇ ನೋಡುತ್ತಿದ್ದರು —

"ಉರಿ ಒಂಚೂರು ಹತ್ತಿರ ಹೋಯ್ತು ಕಣೋ. ನಿನ್ ಕೈ ಅಲುಗ್ತು."

ಮರುದಿನ ಉಳಿದ ಪುಡಿಯ ಚಿಟಿಕೆಯೊಂದನ್ನು ಕ್ಲೋರೇಟಿನೊಂದಿಗೆ ಕಾಯಿಸಿದೆ. ಕಿಡಿ ಹಾರಿತು. ಸತ್ಯ ನನ್ನೆದುರೇ ಉರಿದು ಆರಿತು. ಆಗಲಾದರೂ ನಾನು — ಬಾಟಲಿಯನ್ನು ಎಸೆದೆ, ಅಷ್ಟೇ.

ಗಾಯ ಮಾಗಿದ ಮೇಲೂ ನೀನು ಸರ್ಜರಿಗೆ ಹಿಂತಿರುಗಲಿಲ್ಲ. "ಅಲುಗಿದ್ದು ನಂಗೇ ಗೊತ್ತಾಗಿಲ್ಲ ನೋಡು. ಅಂಥ ಕೈ ಇಟ್ಕೊಂಡು ಇನ್ನೊಬ್ಬರ ಹೊಟ್ಟೆ ಕುಯ್ಯೋದು ಹೇಗೋ?" ಎಂದು ನೀನು ಹೇಳಿದೆ. ನಿನ್ನನ್ನು ಸಮಾಧಾನ ಮಾಡಲು ಬಂದವರಲ್ಲಿ ನಾನೇ ಮೊದಲಿಗ. ವಯಸ್ಸಾಯಿತಲ್ಲ, ಬಿಡು, ಎಂದೆ. ನಿನಗೆ ಇನ್ನೂ ಎಷ್ಟೋ ವರ್ಷಗಳ ಕೆಲಸ ಉಳಿದಿತ್ತು. ನೀನು ಮನೆ ಮಾರಿ, ಮಗಳಿದ್ದ ದೂರದ ಸುವಾನಿ ಊರಿಗೆ ಹೊರಟುಹೋದೆ.

ಹೋದ ತಿಂಗಳು ಅಲ್ಲಿಗೆ ಬಂದಿದ್ದೆನಲ್ಲ. ಹಿತ್ತಿಲ ಮರದ ಜಗಲಿಯ ಸಿಬಿರು ಸರೋಜಮ್ಮನ ಬೆರಳಿಗೆ ನಾಟಿತ್ತು.

"ಊರೋರ ಹೊಟ್ಟೆಯೆಲ್ಲ ಕುಯ್ದೋರು, ಹೆಂಡ್ತಿ ಬೆರಳಿಗೆ ಹೆದರ್ತಾರೆ ನೋಡಿ," ಎಂದು ಅವರು ನಕ್ಕರು. ನೀನು ನಗಲಿಲ್ಲ. ಸೂಜಿಯನ್ನು ನನ್ನತ್ತ — ನಡುಗುವ ಈ ಕೈಗೆ — ಚಾಚಿದೆ. "ನೀನೇ ತೆಗಿ. ನನ್ ಕೈ ನಂಬಕ್ಕಾಗಲ್ಲ."

ಸೂಜಿ ಹಿಡಿದ ನಿನ್ನ ಬೆರಳುಗಳು ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದನ್ನು ನೋಡಿದೆ. ನೋಡಿಯೂ ಸೂಜಿ ತೆಗೆದುಕೊಂಡೆ. ಸರೋಜಮ್ಮನಿಗೆ ನೋವಾಯಿತು, ಪರವಾಗಿಲ್ಲ ಎಂದರು.

ಕ್ಷಮಿಸು ಎನ್ನುವ ಯೋಗ್ಯತೆ ನನಗೆ ಉಳಿದಿಲ್ಲ. ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾಗುವ ಮುನ್ನ ಸುವಾನಿಗೆ ಬಂದು, ಸರೋಜಮ್ಮನ ಎದುರಿಗೇ ನಿನಗೆ ಓದಿ ಹೇಳುತ್ತೇನೆ. ಆಮೇಲೆ ನೀನು ಬಾಗಿಲು ಹಾಕಿಕೊಳ್ಳಬಹುದು. ಕಳೆದುಹೋದ ವರ್ಷಗಳನ್ನು ಮಾತ್ರ ನಾನು ಎಲ್ಲಿಂದ ತರಲಿ —

ನಿನ್ನ ಕೈ ಅಲುಗಲಿಲ್ಲ, ರಂಗನಾಥ. ಆವತ್ತೂ ಅಲುಗಲಿಲ್ಲ.